ಉಕ್ಕಿ ಬಂದ ಹೆಸರು

ಭಾಗಮಂಡಲದ ಸಂಗಮದಲ್ಲಿ ಮೂರು ಮುಳುಗು ಹಾಕಿ ಎದ್ದಾಗ ಹಲ್ಲು ಕಟಕಟ ಎನ್ನುತ್ತಿತ್ತು. ತುಲಾ ಸಂಕ್ರಮಣದ ಹಿಂದಿನ ರಾತ್ರಿ. ಕಾವೇರಿಯೂ ಕನ್ನಿಕೆಯೂ ಕಣ್ಣಿಗೆ ಕಾಣುವ ಹೊಳೆಗಳು. ಸುಜ್ಯೋತಿ ಮಾತ್ರ ಗುಪ್ತಗಾಮಿನಿ, ನೆಲದೊಳಗಿಂದಲೇ ಬಂದು ಅವರನ್ನು ಕೂಡಿಕೊಳ್ಳುತ್ತಾಳಂತೆ. ಒದ್ದೆ ಬಟ್ಟೆ ಬದಲಾಯಿಸಿ ಬಂದವರೆಲ್ಲ ಎಂಟು ಕಿಲೋಮೀಟರ್ ದೂರದ ತಲಕಾವೇರಿಯತ್ತ ಬೆಟ್ಟ ಹತ್ತುತ್ತಿದ್ದರು. ಬೆಳಗಿನ ಜಾವ ತೀರ್ಥೋದ್ಭವ.

ನಾನು ಹೊರಟಿದ್ದು ಒಂದು ತೊಟ್ಟಿಲಿಗಾಗಿ. ಅಕ್ಕನಿಗೆ ಹೆಣ್ಣುಮಗು ಹುಟ್ಟಿತ್ತು. ನಮ್ಮ ಅಜ್ಜಿಯ ಹೆಸರು ಕಾವೇರಮ್ಮ. ಅದನ್ನೇ ಇಡೋಣವೆಂದು ಅಮ್ಮನ ಆಸೆ. ಈಗಿನ ಕಾಲಕ್ಕೆ ಅದು ಹಳೆಯದಾಯಿತು ಎಂದು ಬಂಧುಗಳಲ್ಲಿ ಕೆಲವರು. ಕಡೆಗೆ ‘ಅಮ್ಮ’ ಬಿಟ್ಟು ಬರೀ ‘ಕಾವೇರಿ’ ಉಳಿಯಿತು. ನಾಮಕರಣಕ್ಕೆ ತೀರ್ಥ ತರುವ ಕೆಲಸ ನನ್ನ ಪಾಲಿಗೆ ಬಂತು.

ಬೆಟ್ಟದ ಮೇಲೆ ಕಾಲಿಡಲು ಜಾಗವಿರಲಿಲ್ಲ. ತಲಕಾವೇರಿ ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರ. ಅಕ್ಟೋಬರ್ ನಡುವಿನಲ್ಲೂ ಮಂಜು ಮುಖಕ್ಕೆ ತಾಗುತ್ತದೆ. ಕೊಡವ ಹೆಂಗಸರು ನೆರಿಗೆಯನ್ನು ಬೆನ್ನಿಗೆ ಸಿಕ್ಕಿಸಿದ ಸೀರೆಯಲ್ಲಿ ಬಂದಿದ್ದರು, ಗಂಡಸರು ಕುಪ್ಯ ತೊಟ್ಟು. ದುಡಿ ಬಾರಿಸಿಕೊಂಡು ಹಾಡುವವರ ಗುಂಪೊಂದು ಮೆಟ್ಟಿಲ ಬುಡದಲ್ಲಿತ್ತು. ಕೊಳದ ಪಕ್ಕದಲ್ಲೇ ಬ್ರಹ್ಮಕುಂಡಿಕೆ. ಅದನ್ನು ಮೊದಲ ಸಲ ಕಂಡಾಗ ಕಣ್ಣು ನಂಬಲಿಲ್ಲ. ಎರಡು ಕೈ ಚಾಚಿದರೆ ಅಳೆಯಬಹುದಾದ ಚೌಕ! ಮಂಡ್ಯದ ಕಬ್ಬು, ತಂಜಾವೂರಿನ ಭತ್ತ, ಬೆಂಗಳೂರಿನ ನಲ್ಲಿಗಳು, ಸುಮಾರು 800 ಕಿಲೋಮೀಟರ್ ಉದ್ದದ ನದಿ, ಎಲ್ಲದರ ಮೂಲ ಇಲ್ಲಿಯೇ?

ಮುಹೂರ್ತ ಹತ್ತಿರವಾಗುತ್ತಿದ್ದಂತೆ ಬೆಟ್ಟವೇ ಬಾಯಿ ತೆರೆದಂತೆ ‘ಉಕ್ಕಿ ಬಾ ಕಾವೇರಿ’ ಎಂದು ಕೂಗತೊಡಗಿತು. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಗಾಬರಿಯಿಂದ ಅತ್ತಿತ್ತ ನೋಡಿ ‘ಕಾವೇರೀ... ಕಾವೇರೀ...’ ಎಂದಳು. ಅವಳ ದನಿಯೇ ಬೇರೆ ಇತ್ತು. ಏಳೆಂಟು ವರ್ಷದ ಮಗಳು ಕೈ ತಪ್ಪಿದ್ದಳು. ಸಾವಿರಾರು ಜನ ಆ ಹೆಸರನ್ನೇ ಕೂಗುತ್ತಿರುವಾಗ ಅವಳಿಗೆ ತಾಯಿಯ ಕೂಗು ಹೇಗೆ ಕೇಳಬೇಕು? ನಾವು ನಾಲ್ಕೈದು ಜನ ಸೇರಿ ಹುಡುಕಿದೆವು. ಹುಡುಗಿ ಕಂಬಿಯ ಬಳಿ ನಿಂತು, ಇಡೀ ಬೆಟ್ಟ ತನ್ನನ್ನೇ ಕರೆಯುತ್ತಿದೆಯೆಂಬಂತೆ ಕಣ್ಣರಳಿಸಿ ನೋಡುತ್ತಿದ್ದಳು. ತಾಯಿ ಅವಳನ್ನು ಎದೆಗವಚಿಕೊಳ್ಳುವುದಕ್ಕೂ ಅರ್ಚಕರು ಕುಂಡಿಕೆಯ ನೀರನ್ನು ಮೇಲಕ್ಕೆ ಎರಚುವುದಕ್ಕೂ ಸರಿಹೋಯಿತು. ಕುಂಡಿಕೆಯಲ್ಲಿ ಗುಳ್ಳೆ ಎದ್ದದ್ದನ್ನು ನಾನು ನೋಡಲಿಲ್ಲ. ನೋಡಿದವರ ಮುಖಗಳನ್ನು ನೋಡಿದೆ. ಹಸುಗೂಸನ್ನು ಮೊದಲ ಸಲ ಎತ್ತಿಕೊಂಡವರ ಮುಖ ಹಾಗಿರುತ್ತದೆ.

ಎಲ್ಲರೂ ಬಲ್ಲ ಕಥೆ ಆ ಮೆಟ್ಟಿಲುಗಳ ಮೇಲೆ ಕೂತಾಗ ಹೊಸದಾಯಿತು. ಮಕ್ಕಳಿಲ್ಲದ ಕವೇರ ಮುನಿ ತಪಸ್ಸು ಮಾಡಿದ. ಬ್ರಹ್ಮ ತನ್ನ ಮಗಳು ಲೋಪಾಮುದ್ರೆಯನ್ನೇ ಅವನಿಗೆ ಕೊಟ್ಟ. ಕವೇರನ ಮಗಳಾದ್ದರಿಂದ ಕಾವೇರಿ. ಅಗಸ್ತ್ಯ ಮದುವೆಯಾಗಲು ಬಂದಾಗ ಅವಳು ಹಾಕಿದ್ದು ಒಂದೇ ಷರತ್ತು, ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಒಂದು ದಿನ ಅವಳನ್ನು ಕಮಂಡಲುವಿನಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ಬಿಟ್ಟು ಆತ ಸ್ನಾನಕ್ಕೆ ಹೋದ. ಅವಳು ಉಕ್ಕಿ ಹೊರಟಳು. ಶಿಷ್ಯರು ತಡೆಯಲು ಬಂದರೆ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಎದ್ದಳು. ಗಣಪತಿ ಕಾಗೆಯಾಗಿ ಬಂದು ಕಮಂಡಲು ಉರುಳಿಸಿದನೆನ್ನುವವರೂ ಇದ್ದಾರೆ. ನನಗೆ ಮೊದಲ ಕಥೆಯೇ ಇಷ್ಟ. ಅದರಲ್ಲಿ ಅವಳು ತಾನಾಗಿಯೇ ಹೊರಡುತ್ತಾಳೆ. ಕೊಟ್ಟ ಮಾತು ಮುರಿದವನಿಗಾಗಿ ಕಾಯುತ್ತ ಕೂರುವುದಿಲ್ಲ.

ಬಲಮುರಿಯಲ್ಲಿ ಕೊಡವರು ಅವಳನ್ನು ತಡೆಯಲು ನಿಂತರಂತೆ. ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು. ವರ್ಷಕ್ಕೊಮ್ಮೆ ತುಲಾ ಸಂಕ್ರಮಣದಂದು ತವರಿಗೆ ಬರುತ್ತೇನೆಂದು ಮಾತು ಕೊಟ್ಟು ಅವಳು ಮುಂದೆ ಹರಿದಳು. ಆ ನೆರಿಗೆ ಇಂದಿಗೂ ಬೆನ್ನ ಹಿಂದೆಯೇ ಇದೆ!

ಮರುದಿನ ಬೆಳಿಗ್ಗೆ ನಾನು ಉಳಿದುಕೊಂಡಿದ್ದ ಕೊಡವ ಮನೆಯಲ್ಲಿ ಕಣಿ ಪೂಜೆ. ಚಂಗ್ರಾಂದಿಯ, ಅಂದರೆ ಸಂಕ್ರಮಣದ, ಆ ಪೂಜೆಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ತಳಿಗೆಯಲ್ಲಿ ಅಕ್ಕಿ, ಅದರ ಮೇಲೆ ಒಂದು ಸೌತೆಕಾಯಿ. ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಹೂ ಮುಡಿಸಿ, ಮನೆಯ ಒಡವೆ ತೊಡಿಸಿದ್ದರು. ನೋಡನೋಡುತ್ತ ಅದು ಮದುಮಗಳಾಯಿತು. ಮನೆಯವರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ ನಮಸ್ಕರಿಸಿದರು. ಹೆಂಗಸರು ಬಾವಿಗೆ ಹೋಗಿ ವೀಳ್ಯದೆಲೆ, ಅಡಿಕೆ ಬಿಟ್ಟು ಬಂದರು. ಗದ್ದೆಯಲ್ಲಿ ಹಿಂದಿನ ದಿನವೇ ನೆಟ್ಟ ಬೊತ್ತ್ ಎಂಬ ಕೋಲು, ತಲೆಗೆ ಬಳ್ಳಿಯ ಉಂಗುರ ತೊಟ್ಟು ನಿಂತಿತ್ತು. ಬೇರೆ ಹಬ್ಬಗಳಲ್ಲಿ ಮಾಂಸವಿಲ್ಲದೆ ಊಟವಿಲ್ಲದ ಮನೆ ಅದು. ಆ ದಿನ ಮಾತ್ರ ದೋಸೆ, ಕುಂಬಳಕಾಯಿ ಸಾರು. ತೀರ್ಥದ ಸೀಸೆ ದೇವರ ಮೂಲೆ ಸೇರಿತು. ವರ್ಷವಿಡೀ ಅಲ್ಲೇ ಇದ್ದು, ಕೊನೆಯುಸಿರೆಳೆಯುವವರ ಬಾಯಿಗೂ ಅದೇ ಹನಿ ಬೀಳುತ್ತದೆ.

ಆ ಮನೆಯಲ್ಲಿ ಕಾವೇರಮ್ಮಂದಿರು ಇಬ್ಬರು, ಒಬ್ಬ ಕಾವೇರಪ್ಪ. ಕೊಡಗಿನಲ್ಲಿ ಈ ಹೆಸರು ಗಂಡಿಗೂ ದಕ್ಕಿದೆ. ಹಿರಿಯ ಕಾವೇರಮ್ಮನವರಿಗೆ ತೊಟ್ಟಿಲ ವಿಷಯ ಹೇಳಿದೆ. ‘ಹುಟ್ಟಿದ್ದನ್ನು ನೋಡಿದಿ. ಸೇರುವ ಮನೆಯನ್ನೂ ನೋಡಿ ಬಾ’ ಎಂದರು.

ಆ ಮಾತು ಬಿಡಲಿಲ್ಲ. ಮೈಸೂರಿಗೆ ಮರಳಿ, ಮಗುವಿನ ನೆತ್ತಿಗೆ ಹನಿ ತೀರ್ಥ ಮುಟ್ಟಿಸಿ, ಹೆಸರು ಕೂಗಿದ ಮೇಲೆ ತುಲಾ ಮಾಸ ಮುಗಿಯುವುದರೊಳಗೆ ಪೂರ್ವಕ್ಕೆ ಹೊರಟೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ. ಮೂರು ಕಡೆಯೂ ಅವಳ ಎರಡು ತೋಳುಗಳ ನಡುವೆ ದ್ವೀಪದಲ್ಲಿ ರಂಗನಾಥ ಮಲಗಿದ್ದಾನೆ. ಶಿವನಸಮುದ್ರದಲ್ಲಿ ಧುಮುಕುವ ನೀರು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ಕೊಟ್ಟದ್ದು. ಆ ಬೆಂಗಳೂರಿನಲ್ಲಿ ಇವತ್ತು ‘ಕಾವೇರಿ ಬಂತಾ?’ ಎಂದು ಕೇಳಿದರೆ ನಲ್ಲಿಯಲ್ಲಿ ನೀರು ಬಂತೇ ಎಂದೇ ಅರ್ಥ. ಕೊಳವೆಬಾವಿಯ ನೀರಿಗೆ ಹೀಗೆ ಹೆಸರಿಟ್ಟು ಕರೆದವರನ್ನು ನಾನು ಕಂಡಿಲ್ಲ.

ಶ್ರೀರಂಗದ ಅಮ್ಮಾ ಮಂಟಪದ ಸೋಪಾನದ ಮೇಲೆ ಕೂತಿದ್ದಾಗ ತಮಿಳು ಹೆಂಗಸರು ಆಡಿ ಮಾಸದ ಸಂಭ್ರಮ ವಿವರಿಸಿದರು. ಆಡಿ ಹದಿನೆಂಟರಂದು ಹೊಸ ನೀರು ಬರುವಾಗ ಅವರ ಪಾಲಿಗೆ ಕಾವೇರಿ ಬಸುರಿ. ಬಯಕೆ ತೀರಿಸಲು ಚಿತ್ರಾನ್ನ, ಮೊಸರನ್ನ, ಹುಳಿಯನ್ನ ಕಟ್ಟಿಕೊಂಡು ದಡಕ್ಕೆ ಬರುತ್ತಾರೆ. ಬಳೆ, ಓಲೆ, ಕರಿಮಣಿ, ಅರಿಸಿನ ದಾರ ನೀರಿಗೆ ಬಿಡುತ್ತಾರೆ. ರಂಗನಾಥನ ಗುಡಿಯಿಂದಲೂ ಆನೆಯ ಮೇಲೆ ಅವಳಿಗೆ ಸೀರೆ ಬರುತ್ತದೆ. ಕೊಡಗಿನ ಸೌತೆಕಾಯಿ ಮದುಮಗಳು ಕಣ್ಣ ಮುಂದೆ ಬಂದಳು. ಅಲ್ಲಿ ತವರಿಗೆ ಬರುವ ಮಗಳು ಇಲ್ಲಿ ಸೀಮಂತದ ಬಸುರಿ. ಒಂದು ಹೆಣ್ಣಿನ ಇಡೀ ಬಾಳನ್ನು ಈ ದಡಗಳು ಹಂಚಿಕೊಂಡು ನಡೆಸುತ್ತಿವೆಯಲ್ಲ! ನೀರಿನ ಲೆಕ್ಕಕ್ಕೆ ಎರಡು ರಾಜ್ಯಗಳು ನ್ಯಾಯಮಂಡಳಿಯ ಮುಂದೆ ನಿಂತದ್ದು 1990ರಲ್ಲಿ. ತೊಟ್ಟಿಲ ಮುಂದೆ ಇಬ್ಬರೂ ಕೂಗುವುದು ಮಾತ್ರ ಈ ಒಂದೇ ಹೆಸರನ್ನು.

ಅದರ ಅರ್ಥವನ್ನು ಒಂದೊಂದು ನುಡಿಯಲ್ಲಿ ಒಂದೊಂದು ಬಗೆಯಾಗಿ ಬಿಡಿಸುತ್ತಾರೆ. ತಮಿಳಿನಲ್ಲಿ ‘ಕಾ’ ಎಂದರೆ ತೋಪು, ‘ವಿರಿ’ ಎಂದರೆ ಹರಡು, ಹೋದಲ್ಲೆಲ್ಲ ತೋಪು ಹರಡುವವಳು. ಅವರಿಗೆ ಅವಳು ಪೊನ್ನಿಯೂ ಹೌದು, ಹೊನ್ನಿನವಳು. ಸಂಸ್ಕೃತ ನಿಘಂಟಿನಲ್ಲಿ ‘ಕಾವೇರೀ’ ಪದಕ್ಕೆ ಅರಿಸಿನವೆಂಬ ಅರ್ಥವೂ ಇದೆ. ಮಳೆಗಾಲದ ಹೊಸ ನೀರಿನ ಬಣ್ಣ ಕಂಡವರಿಗೆ ಅದು ಹೊರಗಿನ ಅರ್ಥವೆನಿಸದು. ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಈ ನದಿ ‘ಖಾಬೇರೋಸ್’. ಅಷ್ಟು ದೂರದ ನಾಲಿಗೆಯಲ್ಲೂ ಹೆಸರು ಅಳಿಸಿಹೋಗಲಿಲ್ಲ.

ಮಯಿಲಾಡುತುರೈ ತಲುಪಿದಾಗ ತುಲಾ ಮಾಸ ಹಿಂದಿನ ದಿನವಷ್ಟೇ ಮುಗಿದಿತ್ತು. ಆ ತಿಂಗಳು ಗಂಗೆಯೇ ಬಂದು ಅಲ್ಲಿ ಕಾವೇರಿಯಲ್ಲಿ ಮೀಯುತ್ತಾಳೆಂಬ ನಂಬಿಕೆ. ತಪ್ಪಿತಲ್ಲ ಎಂದು ಮುಖ ಬಾಡಿಸಿಕೊಂಡು ನಿಂತವಳಿಗೆ ಘಟ್ಟದಲ್ಲಿದ್ದವರು ‘ಇವತ್ತು ಮುಡವನ್ ಮುಳುಕ್ಕು’ ಎಂದರು. ಕುಂಟನೊಬ್ಬ ತೆವಳುತ್ತ ಬಂದು ಸೇರುವಷ್ಟರಲ್ಲಿ ತಿಂಗಳು ಕಳೆದಿತ್ತಂತೆ. ಅವನಿಗಾಗಿ ಒಂದು ದಿನ ಹೆಚ್ಚಿಗೆ ಕೊಟ್ಟರಂತೆ ದೇವರು. ಆ ಹೆಚ್ಚಿನ ದಿನದಲ್ಲಿ ನಾನೂ ಮುಳುಗಿದೆ.

ಪೂಂಪುಹಾರ್‌ಗೆ ಮಧ್ಯಾಹ್ನ ತಲುಪಿದೆ. ಚೋಳರ ಬಂದರು, ಕಾವೇರಿಪ್ಪೂಂಪಟ್ಟಿನಂ. ನದಿ ಅಲ್ಲಿ ತೀರ ಕಿರಿದು. ಅಣೆಕಟ್ಟು, ಕಾಲುವೆ, ಗದ್ದೆಗಳಿಗೆಲ್ಲ ಕೊಟ್ಟು ಉಳಿದದ್ದು ಮರಳಿನ ನಡುವೆ ಮೆಲ್ಲಗೆ ಕಡಲಿಗೆ ಸೇರುತ್ತಿತ್ತು. ಬೆಟ್ಟದ ಮೇಲೆ ಕಂಡ ಚೌಕ ನೆನಪಾಗಿ ಕಣ್ಣು ತುಂಬಿತು. ಹೂ ಮಾರುತ್ತಿದ್ದ ಮುದುಕಿ ಎಲ್ಲಿಂದ ಬಂದೆ ಎಂದು ಕೇಳಿದಳು. ಅರೆಬರೆ ತಮಿಳಿನಲ್ಲಿ ತಲಕಾವೇರಿ ಎಂದೆ, ತೊಟ್ಟಿಲೆಂದೆ, ಮಗುವಿನ ಹೆಸರು ಹೇಳಿದೆ. ಅವಳು ಬುಟ್ಟಿಯ ಮೂಲೆ ತಡಕಿ ಅರಿಸಿನ ಬಳಿದ ದಾರದ ಎಳೆಯೊಂದನ್ನು ತೆಗೆದು, ನೀರಿಗೆ ಅದ್ದಿ, ನನ್ನ ಅಂಗೈಯಲ್ಲಿಟ್ಟಳು. ಕಾಸು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು.

ಕರ್ಚೀಫಿನಲ್ಲಿ ಸುತ್ತಿ ತಂದ ಆ ದಾರವನ್ನು ಅಕ್ಕ ತೊಟ್ಟಿಲಿನ ಸರಪಳಿಗೆ ಕಟ್ಟಿದ್ದಾಳೆ. ಕಾವೇರಿ ಅದನ್ನು ನೋಡಿ ಕಾಲು ಬಡಿಯುತ್ತಾಳೆ.