ಗ್ರಂಥಗಳ ಹಿಂದುಮುಂದು

ಒಂದೇ ಗ್ರಂಥವನ್ನು ಓದುವವನಿಗೆ ಕ್ರಮದ ಚಿಂತೆಯಿಲ್ಲ. ಮೊದಲ ಪುಟದಿಂದ ಆರಂಭಿಸಿ ಕೊನೆಯ ಪುಟದಲ್ಲಿ ನಿಲ್ಲಿಸಿದರೆ ಸಾಕು. ಒಂದಕ್ಕೊಂದು ನಂಟುಳ್ಳ ಹಲವು ಗ್ರಂಥಗಳು ಎದುರಿಗೆ ಬಂದಾಗಲೇ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಹುಟ್ಟುವುದು. ಕಥೆಯಲ್ಲಿ ಮೊದಲು ನಡೆದುದನ್ನು ಮೊದಲು ಓದಬೇಕೆ? ಕರ್ತೃವು ಮೊದಲು ಬರೆದುದನ್ನು ಮೊದಲು ಓದಬೇಕೆ? ಅಥವಾ ಸುಲಭವಾದುದನ್ನು ಮುಂದಿಟ್ಟು ಕಠಿಣವಾದುದನ್ನು ಹಿಂದಿಡಬೇಕೆ? ಇದು ಅಲ್ಪವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಕಥೆಯನ್ನು ಏನೂ ತಿಳಿಯದೆ ಓದುವ ಭಾಗ್ಯವು ಮನುಷ್ಯನಿಗೆ ಒಂದೇ ಸಲ ದೊರೆಯುವಂಥದು. ಎರಡನೆಯ ಓದಿನಲ್ಲಿ ಬೇರೆ ಬಗೆಯ ಸುಖಗಳು ಎಷ್ಟೇ ಇರಲಿ, ಮೊದಲ ಓದಿನ ಬೆರಗು ಮರಳಿ ಬಾರದು. ಆದುದರಿಂದ ಮಕ್ಕಳ ಕೈಗೆ ಪುಸ್ತಕವನ್ನು ಕೊಡುವ ಹಿರಿಯರು ಈ ವಿಷಯವನ್ನು ಒಂದಿಷ್ಟು ಆಲೋಚಿಸುವುದು ಯುಕ್ತವಾಗಿದೆ.

ಸ್ಥಳಪುರಾಣದಲ್ಲಿ ಅರ್ಜುನಪುರಿಯೆಂದು ಹೆಸರಾದ ಮದ್ದೂರಿನ ಒಂದು ಮನೆಯಲ್ಲಿ, ಒಂದು ಬೇಸಗೆಯ ರಜೆಯಲ್ಲಿ, ಈ ಪ್ರಶ್ನೆಯು ಚರ್ಚೆಗೆ ಬಂದಿತು. ಮಂಡ್ಯದಿಂದ ಅಜ್ಜಿಯ ಮನೆಗೆ ಬಂದ ಅಕ್ಕತಮ್ಮಂದಿರಿಬ್ಬರು ಆಂಗ್ಲ ಲೇಖಕನಾದ ಸಿ. ಎಸ್. ಲೂಯಿಸನ ನಾರ್ನಿಯಾ ಕಥೆಗಳ ಏಳು ಪುಸ್ತಕಗಳನ್ನು ತಂದಿದ್ದರು. ಇವು 1950ರಿಂದ 1956ರ ವರೆಗೆ ವರ್ಷಕ್ಕೊಂದರಂತೆ ಪ್ರಕಟವಾದುವು. ಮೊದಲು ಪ್ರಕಟವಾದುದು, ನಾಲ್ವರು ಮಕ್ಕಳು ಬಟ್ಟೆಯ ಬೀರುವಿನ ಮೂಲಕ ಹಿಮಕವಿದ ಮಾಯಾಲೋಕವೊಂದನ್ನು ಹೊಗುವ ಕಥೆ. ಆ ಲೋಕವು ಹುಟ್ಟಿದ ಬಗೆಯನ್ನು ಹೇಳುವ ಪುಸ್ತಕವು 1955ರಲ್ಲಿ, ಆರನೆಯದಾಗಿ ಹೊರಬಂದಿತು. ಆದರೆ ಈಚಿನ ಮುದ್ರಣಗಳಲ್ಲಿ ಕಥಾಕಾಲವನ್ನನುಸರಿಸಿ ಅಂಕಿ ಹಾಕಿರುವುದರಿಂದ, ಆರನೆಯದಕ್ಕೆ ಒಂದನೆಯ ಸ್ಥಾನವೂ ಒಂದನೆಯದಕ್ಕೆ ಎರಡನೆಯ ಸ್ಥಾನವೂ ಪ್ರಾಪ್ತವಾಗಿವೆ. ಬೆನ್ನಿನ ಮೇಲೆ ಒಂದು ಎಂದು ಅಚ್ಚಾಗಿರುವುದನ್ನೇ ಮೊದಲು ಓದಬೇಕೆಂದು ತಮ್ಮನ ಪಕ್ಷ. ಬರೆದವನು ಮೊದಲು ಬರೆದುದನ್ನೇ ಮೊದಲು ಓದಬೇಕೆಂದು ಅಕ್ಕನ ಪಕ್ಷ. ಇಂಥದೇ ವಿವಾದವೊಂದು ಲೂಯಿಸನವರೆಗೂ ಹೋಗಿದ್ದಿತು. 1957ರಲ್ಲಿ ಒಬ್ಬ ಬಾಲಕನಿಗೆ ಬರೆದ ಉತ್ತರದಲ್ಲಿ ಆತನು, ತಾಯಿ ಹೇಳಿದ ಕ್ರಮಕ್ಕಿಂತ ಬಾಲಕನ ಕಥಾಕ್ರಮವೇ ತನಗೆ ಹೆಚ್ಚು ಒಪ್ಪಿಗೆಯೆಂದು ಹೇಳಿ, ಯಾವ ಕ್ರಮದಲ್ಲಿ ಓದಿದರೂ ಪ್ರಾಯಶಃ ಹೆಚ್ಚು ಬಾಧಕವಿಲ್ಲವೆಂದೂ ಸೇರಿಸಿದನು. ಕರ್ತೃವೇ ಹೀಗೆ ನುಡಿದ ಮೇಲೆ ತೀರ್ಪಿನ ಭಾರವು ಓದುಗರ ಮೇಲೆಯೇ ಬಿದ್ದಿತೆನ್ನಬೇಕು.

ಮದ್ದೂರಿನ ಮನೆಯಲ್ಲಿ ತೀರ್ಪು ಕೊಟ್ಟವರು ಅಜ್ಜಿ. ಆ ಮಾಯಾಲೋಕವನ್ನು ಹೊಕ್ಕ ಮಗುವಿಗೆ ಮೊದಲು ಕಾಣಿಸಿದುದೇನು ಎಂದು ಅವರು ಕೇಳಿದರು. ಮೊದಲ ಅಧ್ಯಾಯವನ್ನು ಓದಿದ್ದ ಮೊಮ್ಮಗಳು, ನಡುಗಾಡಿನಲ್ಲಿ, ಹಿಮದ ಮಧ್ಯದಲ್ಲಿ, ಊರ ಬೀದಿಯಲ್ಲಿರುವಂಥ ಒಂದು ದೀಪದ ಕಂಬವು ಉರಿಯುತ್ತಿದ್ದಿತೆಂದಳು. ಅದು ಅಲ್ಲಿಗೆ ಹೇಗೆ ಬಂದಿತು? ಎರಡು ಪುಸ್ತಕಗಳನ್ನೂ ಓದಿದ್ದ ಸೋದರಮಾವನು, ಅದರ ಕಾರಣವು ಇನ್ನೊಂದರಲ್ಲಿದೆ ಎಂದಷ್ಟೇ ಹೇಳಿ ಸುಮ್ಮನಾದನು. ಆ ಕಾರಣವನ್ನು ಇಲ್ಲಿಯೂ ಬಿಚ್ಚಿ ಹೇಳುವುದು ನ್ಯಾಯವಲ್ಲ. “ಹಾಗಾದರೆ ಮಗು ಮೊದಲು ಕಂಬವನ್ನು ನೋಡಲಿ, ಕಾರಣ ಆಮೇಲೆ ತಿಳಿಯಲಿ” ಎಂದು ಅಜ್ಜಿ ಅಕ್ಕನ ಪಕ್ಷವನ್ನು ಎತ್ತಿಹಿಡಿದರು. ಕಾರಣವನ್ನು ಮೊದಲೇ ಅರಿತವನಿಗೆ ಆ ದೀಪವು ಕೇವಲ ದೀಪ; ಅರಿಯದವನಿಗೆ ಅದೊಂದು ಬೆರಗು.

ಇಷ್ಟಕ್ಕೆ ವಿಷಯವು ಮುಗಿಯಲಿಲ್ಲ. ಅಜ್ಜಿಗೆ ಕೆಲವು ಕಾಲದಿಂದ ಕಣ್ಣು ಮಂದವಾಗಿ, ಅಚ್ಚಿನ ಅಕ್ಷರಗಳು ಕಾಣದಾಗಿದ್ದುವು. ಆ ರಜೆಯಲ್ಲಿ ಸಂಜೆಯ ಹೊತ್ತು ಮಕ್ಕಳಿಂದ ಕನ್ನಡ ಕಾವ್ಯವನ್ನು ಓದಿಸಿ ಕೇಳಬೇಕೆಂದು ಅವರು ಬಹುದಿನಗಳಿಂದ ಕಾದಿದ್ದರು. ಮನೆಯಲ್ಲಿದ್ದುವು ಎರಡು ಗ್ರಂಥಗಳು: ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿ, ಲಕ್ಷ್ಮೀಶನ ಜೈಮಿನಿ ಭಾರತ. ರಜೆಯಲ್ಲಿ ಉಳಿದಿದ್ದುವು ಆರೇ ವಾರಗಳು. ಎರಡನ್ನೂ ಸಂಪೂರ್ಣವಾಗಿ ಓದುವುದು ಅಸಾಧ್ಯ. ಜೈಮಿನಿಯೇ ಮೊದಲಾಗಲೆಂದು ಸೋದರಮಾವನ ಅಭಿಪ್ರಾಯ. ಅದಕ್ಕೆ ಬಲವಾದ ಕಾರಣಗಳೂ ಇದ್ದುವು. ಅದು 34 ಸಂಧಿಗಳ ಗ್ರಂಥ. ವಾರ್ಧಕ ಷಟ್ಪದಿಯ ನಡೆಯು ಕಿವಿಗೆ ಹಿತವಾದುದು. ಕುದುರೆಯು ಹೋದ ಹೋದ ದೇಶದಲ್ಲೆಲ್ಲ ಒಂದೊಂದು ಅದ್ಭುತ ಕಥೆ. ಸುಧನ್ವ, ಪ್ರಮೀಳೆ, ಬಭ್ರುವಾಹನ, ಮಯೂರಧ್ವಜ, ಚಂದ್ರಹಾಸ ಇವರ ಕಥೆಗಳನ್ನು ಬೇಡವೆನ್ನುವ ಮಗು ಯಾವುದು? ಕುಮಾರವ್ಯಾಸನಾದರೋ ಭಾರತದ ಹತ್ತು ಪರ್ವಗಳನ್ನು ಭಾಮಿನಿಯಲ್ಲಿ ಹಾಡಿದ ಮಹಾಕವಿ. ಆ ಗ್ರಂಥವು ಸಮುದ್ರ. ಮಿಕ್ಕ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಬೇಕಾಯಿತು.

ಇಂಥ ಕಲಹಗಳನ್ನು ತೀರಿಸುವುದಕ್ಕೆ ನಮ್ಮ ಹಿರಿಯರು ಒಂದು ಶಾಸ್ತ್ರವನ್ನೇ ಕಟ್ಟಿರುವರು. ಮೀಮಾಂಸಾಸೂತ್ರಗಳ ಐದನೆಯ ಅಧ್ಯಾಯದ ವಿಷಯವೇ ಕ್ರಮ. ಯಾವ ಕರ್ಮವು ಮೊದಲು, ಯಾವುದು ಅನಂತರ ಎಂಬುದನ್ನು ನಿರ್ಣಯಿಸಲು ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳನ್ನು ಮೀಮಾಂಸಕರು ಹೇಳಿ, ಇವುಗಳಲ್ಲಿ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ವ್ಯವಸ್ಥೆ ಮಾಡಿದರು. ಪಾಠಶಾಲೆಗಳಲ್ಲಿ ಇದಕ್ಕೆ ಕೊಡುವ ಉದಾಹರಣೆಯು ಪ್ರಸಿದ್ಧವಾದುದು. ವೇದವಾಕ್ಯದಲ್ಲಿ ಅಗ್ನಿಹೋತ್ರದ ಹೋಮವು ಮೊದಲು ಬಂದು, ಗಂಜಿಯನ್ನು ಬೇಯಿಸುವ ಮಾತು ಆಮೇಲೆ ಬಂದಿದೆ. ಆದರೆ ಹೋಮಕ್ಕೆ ಬೇಕಾದ ದ್ರವ್ಯವೇ ಆ ಗಂಜಿ. ಆದುದರಿಂದ ಹೇಳಿದ ಕ್ರಮವನ್ನು ಬಿಟ್ಟು, ಪ್ರಯೋಜನದ ಕ್ರಮವನ್ನು ಹಿಡಿದು, ಮೊದಲು ಬೇಯಿಸತಕ್ಕದ್ದು, ಅನಂತರ ಹೋಮಿಸತಕ್ಕದ್ದು. ಆ ಸೂತ್ರಕಾರನ ಹೆಸರೂ ಜೈಮಿನಿ. ಜನಮೇಜಯನಿಗೆ ಅಶ್ವಮೇಧದ ಕಥೆಯನ್ನು ಹೇಳಿದ ಮುನಿಯ ಹೆಸರೂ ಜೈಮಿನಿ. ಸೂತ್ರದ ಜೈಮಿನಿಯನ್ನು ಕೇಳಿದರೆ, ಕಥೆಯ ಜೈಮಿನಿಯನ್ನು ಓದುವ ಮೊದಲು ಬೇಯಿಸಿಕೊಳ್ಳಬೇಕಾದುದೇನಾದರೂ ಇದೆಯೆ ಎಂದು ನೋಡಿಕೊಳ್ಳಿರಿ ಎಂದೇ ಹೇಳುತ್ತಿದ್ದನು.

ಇದೆ. ಜೈಮಿನಿ ಭಾರತದಲ್ಲಿ ವೃಷಕೇತುವೆಂಬ ಬಾಲವೀರನೊಬ್ಬನುಂಟು. ಯಾಗದ ಕುದುರೆಯನ್ನು ತರಲು ಭೀಮನೊಡನೆ ಭದ್ರಾವತಿಗೆ ಹೊರಡುವವನು ಅವನೇ. ಮುಂದೆ ಮಣಿಪುರದ ಯುದ್ಧದಲ್ಲಿ ಅರ್ಜುನನ ಪಕ್ಕದಲ್ಲಿ ನಿಂತು ಬಭ್ರುವಾಹನನ ಕೈಯಲ್ಲಿ ಬೀಳುವವನೂ ಅವನೇ. ಅವನು ಕರ್ಣನ ಮಗ. ಕುಮಾರವ್ಯಾಸನನ್ನು ಓದದ ಮಗುವಿಗೆ ಇವನು ಹಲವು ವೀರರಲ್ಲಿ ಒಬ್ಬ. ಓದಿದವನಿಗಾದರೆ, ತಂದೆಯನ್ನು ಕೊಂದ ಕೈಯೇ ಮಗನನ್ನು ತಬ್ಬಿಕೊಂಡು ನಡೆಸುತ್ತಿರುವುದೆಂಬ ಸಂಗತಿಯು ಅವನ ಒಂದೊಂದು ಮಾತಿನ ಹಿಂದೆಯೂ ನಿಂತಿರುವುದು. ಕರ್ಣನ ಜನ್ಮವೃತ್ತಾಂತವನ್ನು ಕುಮಾರವ್ಯಾಸನು ಆದಿಪರ್ವದಲ್ಲಿಯೇ ಹೇಳಿಬಿಡುವನು. ಪಾಂಡವರು ಅರಿಯದುದನ್ನು ಓದುಗನು ಅರಿತು ಸಂಕಟಪಡುತ್ತ ಮುಂದುವರಿಯುವನು. ಬಭ್ರುವಾಹನನ ಕಥೆಗೆ ಮೂಲವಾದ ಗಂಗೆಯ ಶಾಪವೂ ಭೀಷ್ಮನ ಪತನವನ್ನು ಬಲ್ಲವನಿಗೆ ಮಾತ್ರ ಅರ್ಥವಾಗತಕ್ಕದ್ದು. ಇವೆಲ್ಲವೂ ಓದುಗನಿಗೆ ತಿಳಿದಿವೆಯೆಂದು ನಂಬಿಯೇ ಲಕ್ಷ್ಮೀಶನು ಕಾವ್ಯವನ್ನು ಕಟ್ಟಿದನು.

ಹಿಂದಿನ ಕಾಲದ ಐಗಳ ಮಠಗಳಲ್ಲಿ ಮಕ್ಕಳು ಜೈಮಿನಿಯನ್ನೇ ಮೊದಲು ಓದುತ್ತಿರಲಿಲ್ಲವೆ ಎಂದು ಸೋದರಮಾವನು ಕೇಳಿದುದು ಸರಿಯಾದ ಆಕ್ಷೇಪವೇ. ಆದರೆ ಆ ಮಕ್ಕಳಿಗೆ ಪುಸ್ತಕವನ್ನು ತೆರೆಯುವ ಮೊದಲೇ ಭಾರತವು ಕಿವಿಯಿಂದ ಬಂದಿರುತ್ತಿದ್ದಿತು. ತೊಗಲುಗೊಂಬೆ, ಮೂಡಲಪಾಯ, ಹರಿಕಥೆಗಳು ಆ ಕೆಲಸವನ್ನು ಮಾಡಿ ಮುಗಿಸಿರುತ್ತಿದ್ದುವು. ಈ ಸೀಮೆಯ ನೀಲಗಾರರನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುವುದು. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ಇವರು ಕಥೆಯನ್ನು ಸಾಲುಗಳಾಗಿ ವಿಂಗಡಿಸಿಕೊಂಡು, ಕೇಳುವವರು ಬಯಸಿದ ಸಾಲನ್ನು ಎತ್ತಿಕೊಳ್ಳುವರು. ಮದ್ದೂರು ಸೀಮೆಯ ನಿಡಘಟ್ಟದ ಕಮ್ಮಾರರ ಮನೆಯ ಕೆಂಪಾಚಾರಿಯು ಸಿದ್ಧಪ್ಪಾಜಿಯಾದುದನ್ನು ಹೇಳದೆಯೇ, ಆತನು ಕಬ್ಬಿಣದ ಭಿಕ್ಷೆಗಾಗಿ ಮಳವಳ್ಳಿ ಸೀಮೆಯ ಹಲಗೂರಿಗೆ ಹೋದ ಕಥೆಯನ್ನು ಆರಂಭಿಸಬಹುದು. ಹಿಂದಿನದೂ ಮುಂದಿನದೂ ಒಕ್ಕಲುಗಳಿಗೆ ಬಾಯಿಪಾಠ. ಎಲ್ಲವನ್ನೂ ಬಲ್ಲವನು ಎಲ್ಲಿಂದ ಬೇಕಾದರೂ ಆರಂಭಿಸಬಹುದು. ಕ್ರಮವು ಬೇಕಾಗಿರುವುದು ಬಲ್ಲದವನಿಗೆ. ಇಂದಿನ ಮಕ್ಕಳಲ್ಲಿ ಬಹುಮಂದಿಗೆ ಭಾರತವು ಹೊಸ ಕಥೆ.

ಅಜ್ಜಿ ಈ ಮಾತುಗಳನ್ನೆಲ್ಲ ಕೇಳಿ, ಹತ್ತು ಪರ್ವಗಳಲ್ಲಿ ಕರ್ಣನ ಜನನ, ಉದ್ಯೋಗಪರ್ವದಲ್ಲಿ ಕೃಷ್ಣನು ಅವನಿಗೆ ಹುಟ್ಟಿನ ಗುಟ್ಟನ್ನು ಹೇಳುವ ಭಾಗ, ಭೀಷ್ಮನು ಮಲಗುವ ಭಾಗ, ಕರ್ಣಪರ್ವ ಇಷ್ಟನ್ನು ಮೊದಲು ಓದಿ, ಆಮೇಲೆ ಜೈಮಿನಿಗೆ ಬರತಕ್ಕದ್ದೆಂದು ಗೊತ್ತುಮಾಡಿದರು. ಇದರಿಂದ ಅವರಿಗೆ ಒಂದು ನಷ್ಟವಾಯಿತು. ಅವರಿಗೆ ಬಾಲ್ಯದಿಂದಲೂ ಪ್ರಿಯವಾದ ಚಂದ್ರಹಾಸನ ಕಥೆಯು ಜೈಮಿನಿಯ ಕೊನೆಯ ಭಾಗದಲ್ಲಿದೆ. ಅಲ್ಲಿಗೆ ತಲಪುವ ಮೊದಲೇ ರಜೆಯು ಮುಗಿಯುವುದೆಂದು ಅವರಿಗೆ ತಿಳಿದಿದ್ದಿತು. ಇನ್ನೊಂದು ಬೇಸಗೆಯನ್ನು ನಂಬುವ ವಯಸ್ಸೂ ಅವರದಲ್ಲ. ಆದರೂ ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ರಜೆಯ ಕೊನೆಯ ವಾರದಲ್ಲಿ ಓದು ಮಣಿಪುರದವರೆಗೆ ಬಂದಿತು. ವೃಷಕೇತುವು ಬಿದ್ದ ಪದ್ಯದಲ್ಲಿ ಮೊಮ್ಮಗನು ಓದನ್ನು ನಿಲ್ಲಿಸಿ, “ಅಜ್ಜಿ, ಕರ್ಣನಿಗೆ ಇದ್ದವನು ಇವನೊಬ್ಬನೇ ಅಲ್ಲವಾ?” ಎಂದು ಕೇಳಿ, ಸ್ವಲ್ಪ ಹೊತ್ತು ಪುಟವನ್ನು ತಿರುವಲಿಲ್ಲ. ಮುಂದೆ ಸಂಜೀವಕ ಮಣಿಯಿಂದ ಎಲ್ಲರೂ ಎದ್ದು ಕೂರುವರೆಂಬುದನ್ನು ಬಲ್ಲ ಅಜ್ಜಿಯೂ ಏನನ್ನೂ ಹೇಳಲಿಲ್ಲ.

ನಂಟುಳ್ಳ ಗ್ರಂಥಗಳನ್ನು ಓದಿಸುವವರು ಇದರಿಂದ ತಿಳಿಯಬಹುದಾದುದು ಇಷ್ಟು. ರಚನೆಯ ವರ್ಷವೂ ಕಥೆಯ ಕಾಲವೂ ಪ್ರಕಾಶಕರ ಅಂಕಿಯೂ ತಾವಾಗಿಯೇ ಪ್ರಮಾಣಗಳಲ್ಲ. ಕವಿಯು ಓದುಗನಿಗೆ ತಿಳಿದಿದೆಯೆಂದು ನಂಬಿದುದು ಯಾವುದೋ ಅದನ್ನು ಮೊದಲು ಕೊಡತಕ್ಕದ್ದು. ಕವಿಯು ಬಚ್ಚಿಟ್ಟುದು ಯಾವುದೋ ಅದನ್ನು ಅವನು ತೆರೆದಾಗಲೇ ತೆರೆಯತಕ್ಕದ್ದು. ಇವೆರಡನ್ನು ಕಾಪಾಡಿದರೆ ಉಳಿದ ಕ್ರಮಭೇದಗಳಿಂದ ಹಾನಿಯಿಲ್ಲ. ಈ ಕ್ರಮವನ್ನು ಹೇಳಬಲ್ಲವನು ಆ ಗ್ರಂಥಗಳನ್ನೆಲ್ಲ ಮೊದಲೇ ಓದಿ ಮುಗಿಸಿದವನು. ಅದರಿಂದ ಪ್ರಯೋಜನ ಪಡೆಯುವವನು ಇನ್ನೂ ಓದದವನು. ಒಂದು ಮನೆಯಲ್ಲಿ ಹಿರಿಯರೂ ಕಿರಿಯರೂ ಕೂಡಿ ಓದಬೇಕೆಂಬುದಕ್ಕೆ ಇದೊಂದು ಕಾರಣವು ಸಾಲದೆ?