ಇರುಂಗಾಟ್ಟುಕೋಟೆಯ ಪಂದ್ಯದ ಹಾದಿಯಲ್ಲಿ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀರಾಮಾನುಜಾಚಾರ್ಯರ ಜನ್ಮಸ್ಥಳವಾದ ಶ್ರೀಪೆರುಂಬೂದೂರನ್ನು ದಾಟಿ ಸ್ವಲ್ಪ ದೂರ ನಡೆದರೆ ಇರುಂಗಾಟ್ಟುಕೋಟೆಯು ಸಿಕ್ಕುವುದು. ಮೇಲುಕೋಟೆಯನ್ನು ಬಲ್ಲ ನಾವು ಆಚಾರ್ಯರ ಸನ್ನಿಧಿಯಲ್ಲಿ ಕೈಮುಗಿಯದೆ ಮುಂದೆ ಹೋಗುವುದುಂಟೆ? ದರ್ಶನವನ್ನು ಮುಗಿಸಿಕೊಂಡೇ ಪಂದ್ಯದ ಬಯಲನ್ನು ಸೇರಿದೆವು. ಹಿಂದೆ ಮದರಾಸಿನವರು ಶೋಳಾವರದ ಹಳೆಯ ವಿಮಾನದ ಓಡುಹಾದಿಯಲ್ಲಿ ಪಂದ್ಯವಾಡುತ್ತಿದ್ದರು. ಇಲ್ಲಿಯ ಹಾದಿಯು ಸಿದ್ಧವಾದುದು 1990ರಲ್ಲಿ. ಒಂದು ಸುತ್ತು ಸುಮಾರು 3.7 ಕಿಲೋಮೀಟರು; ತಿರುವುಗಳು 12.

ನಮ್ಮ ತಂಗಿಯ ಮಗನಿಗೆ ಅಂದು ಮೊದಲನೆಯ ಮೋಟಾರ್‌ಸೈಕಲ್ ಪಂದ್ಯ. “ಅಣ್ಣಾ, ಅದನ್ನು ಕಣ್ಣಾರೆ ನೋಡುವ ಎದೆ ನನಗಿಲ್ಲ. ಅವನದೊಂದು ಚಿತ್ರ ತಂದುಕೊಡು, ಸಾಕು” ಎಂದಿದ್ದಳು ಅವಳು. ಓಟಕ್ಕೆ ಆರು ಸುತ್ತು. ನಮಗೆ ಆರೇ ಅವಕಾಶ.

ಮೊದಲೆರಡು ಸುತ್ತುಗಳ ಚಿತ್ರಗಳು ಮಂಜಾದುವು. ಕ್ಯಾಮೆರಾದ ಆಟೋಫೋಕಸ್ಸನ್ನು ಮನೆಯಲ್ಲಿ ಮಕ್ಕಳ ಚಿತ್ರ ತೆಗೆಯುವಂತೆ ಒಮ್ಮೆ ಹಿಡಿದು ನಿಲ್ಲುವ ಕ್ರಮದಲ್ಲಿಯೇ ಬಿಟ್ಟಿದ್ದೆವು. ಗಂಟೆಗೆ 108 ಕಿಲೋಮೀಟರು ವೇಗದ ಗಾಡಿಯು ಸೆಕೆಂಡಿಗೆ 30 ಮೀಟರು ಸಾಗುವುದು. ಫೋಕಸ್ ನಿಂತಲ್ಲಿಯೇ ನಿಂತರೆ ಗಾಡಿಯು ನಿಂತೀತೆ? ಎಡೆಬಿಡದೆ ಹಿಂಬಾಲಿಸುವ ಕ್ರಮಕ್ಕೆ ಬದಲಾಯಿಸಿದೆವು. ಮೂರನೆಯ ಸುತ್ತಿನಲ್ಲಿ ಬೇಲಿಯ ತಂತಿ ಸ್ಪಷ್ಟವಾಯಿತು, ಹುಡುಗ ಮಸುಕಾದ! ಚೌಕಟ್ಟಿನ ತುಂಬ ಹರಡಿದ್ದ ಫೋಕಸ್ ಬಿಂದುಗಳು ಹತ್ತಿರದ ವಸ್ತುವನ್ನೇ ಹಿಡಿದಿದ್ದುವು.

ಆಗ ನಡುವಣ ಕೆಲವೇ ಬಿಂದುಗಳ ಗುಂಪನ್ನು ಆರಿಸಿದೆವು. ಅಡ್ಡ ಬಂದ ಕಂಬಕ್ಕೆ ಫೋಕಸ್ ಕೂಡಲೇ ಹಾರದಂತೆ ಅದರ ಚುರುಕನ್ನು ತಗ್ಗಿಸಿದೆವು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಶಟರ್ ವೇಗವನ್ನಿಟ್ಟು, ಗಾಡಿಯು ದೂರದಲ್ಲಿ ಕಂಡೊಡನೆಯೇ ಗುಂಡಿಯನ್ನು ಅರ್ಧ ಒತ್ತಿ, ಅದರೊಡನೆ ಮೈಯನ್ನೂ ತಿರುಗಿಸುತ್ತ ಬಂದೆವು. ನಾಲ್ಕನೆಯ ಸುತ್ತಿನಲ್ಲಿ ಶಿರಸ್ತ್ರಾಣದ ಗಾಜಿನೊಳಗಿನ ಕಣ್ಣುಗಳೂ ಕಂಡುವು.

ಐದನೆಯ ಸುತ್ತಿನಲ್ಲಿ ಎಲ್ಲರೂ ಬಂದರು, ಅವನು ಬರಲಿಲ್ಲ. ಕ್ಯಾಮೆರಾವು ಕೈಯಲ್ಲಿದ್ದುದೇ ನಮಗೆ ಮರೆತುಹೋಯಿತು. ಎಷ್ಟೋ ಹೊತ್ತಾದಂತೆ ತೋರಿದ ಮೇಲೆ, ಎಲ್ಲರಿಗಿಂತ ಹಿಂದೆ, ಮಣ್ಣು ಮೆತ್ತಿಕೊಂಡು ಬಂದ. ತಿರುವಿನಲ್ಲಿ ಜಾರಿಬಿದ್ದು, ತಾನೇ ಎದ್ದು ಗಾಡಿಯನ್ನೆತ್ತಿಕೊಂಡಿದ್ದನಂತೆ. ಆ ಸುತ್ತಿನ ಚಿತ್ರವನ್ನು ನಾವು ತೆಗೆಯಲಿಲ್ಲ.

ಓಟ ಮುಗಿದ ಬಳಿಕ ಅವನನ್ನು ನಿಲ್ಲಿಸಿ, ಫೋಕಸ್ಸನ್ನು ಮೊದಲಿನ ಕ್ರಮಕ್ಕೇ ತಂದು, ಕಣ್ಣಿನ ಮೇಲಿಟ್ಟು ಒಂದು ಚಿತ್ರ ತೆಗೆದೆವು. ನಿಂತವನಿಗೆ ಅದೇ ಸಾಕು. “ಮಾವ, ಬಿದ್ದುದನ್ನು ಅಮ್ಮನಿಗೆ ಹೇಳಬೇಡಿ” ಎಂದ, ನಾವೂ ಒಪ್ಪಿದೆವು.

ಊರಿಗೆ ಬಂದು ಎರಡು ಚಿತ್ರಗಳನ್ನೂ ತಂಗಿಯ ಕೈಗಿತ್ತೆವು. ಓಟದ ಚಿತ್ರವನ್ನು ನೋಡಿ ಪಕ್ಕಕ್ಕಿಟ್ಟಳು. ನಿಂತ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮೆಲ್ಲನೆ ಕೇಳಿದಳು:

“ಅಣ್ಣಾ, ತೋಳಿನ ಮೇಲೆ ಇದೇನು ಮಣ್ಣು?”