ಹೆಗಲ ಭಾರ ಮತ್ತು ಅವ್ವನ ಪದಗಳು



ಒಂದು ಲ್ಯಾಪ್‌ಟಾಪ್ ಕೊಳ್ಳುವುದರಲ್ಲಿ ಚಿಂತಿಸುವಂಥದ್ದೇನಿದೆ ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ.

ಹತ್ತು ವರ್ಷ ನನ್ನ ಜೊತೆಗಿದ್ದ ಯಂತ್ರ ಚಾರ್ಜರ್ ಸೇರಿ ಮೂರು ಕಿಲೋ ತೂಗುತ್ತಿತ್ತು. ಅದನ್ನು ಹೊತ್ತು ಉಪಕೇಂದ್ರಗಳಿಗೆ ಬಸ್ಸಿನಲ್ಲಿ ಓಡಾಡಿ ಬಲಭುಜ ಸೋತಿತ್ತು. ಚೀಲದ ಭಾರ ಇಳಿಸದೆ ಮಾತ್ರೆಯಿಂದ ಪ್ರಯೋಜನವಿಲ್ಲವೆಂದು ವೈದ್ಯರು ಹೇಳಿದರು. ಸಾಲದ್ದಕ್ಕೆ ಅದರಲ್ಲಿದ್ದುದು ವಿಂಡೋಸ್ 10. ಅದಕ್ಕೆ ನಿಯಮಿತವಾಗಿ ದೊರೆಯುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸದೊಂದನ್ನು ಅರಸಲೇಬೇಕಾಯಿತು.

ತಂಗಿಯ ಮಗ ಎರಡು ಹಗುರ ಯಂತ್ರಗಳನ್ನು ಸೂಚಿಸಿದ. ಮೊದಲನೆಯದು 2025ರಲ್ಲಿ ಬಂದ ಆಪಲ್ ಮ್ಯಾಕ್‌ಬುಕ್ ಏರ್. ತೂಕ 1.24 ಕಿಲೋ. ಒಳಗೆ ಫ್ಯಾನ್ ಇಲ್ಲದ್ದರಿಂದ ಸದ್ದೇ ಇಲ್ಲ. ಒಮ್ಮೆ ಚಾರ್ಜ್ ಮಾಡಿದರೆ 18 ಗಂಟೆ ವಿಡಿಯೋ ನೋಡಬಹುದೆಂಬುದು ಕಂಪನಿಯ ಮಾತು. ಬಿಡುಗಡೆಯಾದಾಗ ಅದರ ಆರಂಭಿಕ ಬೆಲೆ 99,900 ರೂಪಾಯಿ. ಎರಡನೆಯದು 2021ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ಒಬ್ಬರು ಬಳಸಿ ಬಿಟ್ಟು ದುರಸ್ತಿಗೊಂಡದ್ದು. ತೂಕ ಸುಮಾರು 1.13 ಕಿಲೋ. ಬೆಲೆ ಏರ್‌ನ ಅರ್ಧಕ್ಕೂ ಕಡಿಮೆ. "ಹೊಸದನ್ನೇ ತಗೊಳ್ಳಿ ಮಾಮ, ಹತ್ತು ವರ್ಷ ಚಿಂತೆಯಿರೋದಿಲ್ಲ" ಎಂದ. ನನ್ನ ಮನಸ್ಸೂ ಅತ್ತಲೇ ವಾಲಿತ್ತು.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಒಯ್ದಿದ್ದೆ. ಅದರಲ್ಲಿ ನನ್ನ ಅವ್ವ ಹೇಳಿ ಬರೆಸಿದ ಸೋಬಾನೆ ಪದಗಳಿದ್ದವು. 2004ರ ಬೇಸಿಗೆಯಲ್ಲಿ ಅವರು ಮನೆಯ ಜಗಲಿಯ ಮೇಲೆ ಕುಳಿತು ಒಂದೊಂದೇ ಪದ ನೆನೆದು ಹಾಡಿದ್ದರು. ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದೆ. ಎರಡು ವರ್ಷಗಳ ಬಳಿಕ ಅವರು ತೀರಿಕೊಂಡರು. ಆ ಪದಗಳನ್ನು ಅಷ್ಟು ಪೂರ್ತಿಯಾಗಿ ಬಲ್ಲವರು ಊರಿನಲ್ಲಿ ಈಗ ಯಾರೂ ಉಳಿದಿಲ್ಲ.

ಏರ್‌ನಲ್ಲಿ ಕಡತ ತೆರೆದಾಗ ಒಂದೇ ಒಂದು ಕನ್ನಡ ಅಕ್ಷರ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೀಟು, ಚುಕ್ಕೆಗಳು. ಥಿಂಕ್‌ಪ್ಯಾಡ್‌ನಲ್ಲಿಯೂ ಅದೇ ಗತಿ. ನನ್ನ ಎದೆ ಧಸಕ್ಕೆಂದಿತು. ಅವ್ವನನ್ನು ಎರಡನೆಯ ಬಾರಿ ಕಳೆದುಕೊಂಡಂತಾಯಿತು.

ಹುಡುಗ ಸಮಾಧಾನದಿಂದ ವಿವರಿಸಿದ. ಅಂದು ನಾನು ಬಳಸಿದ ಲಿಪಿಯಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಸಂಕೇತಗಳೇ ಬಯಲಾಗುತ್ತವೆ. ಯೂನಿಕೋಡ್‌ನಲ್ಲಾದರೋ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಅಲ್ಲಿ ಸ್ಥಾನ ಪಡೆದಿತ್ತು. ಅಂದಮೇಲೆ ದೋಷ ಯಂತ್ರಗಳದ್ದಲ್ಲ. ಇಷ್ಟು ವರ್ಷ ಬರಹಗಳನ್ನು ಪರಿವರ್ತಿಸದೆ ಕುಳಿತ ಉದಾಸೀನ ನನ್ನದು.

ಕೊನೆಗೆ ಥಿಂಕ್‌ಪ್ಯಾಡ್ ಅನ್ನೇ ಆರಿಸಿದೆ. ನುಡಿ ತಂತ್ರಾಂಶವೂ ಅದರ ಪರಿವರ್ತಕವೂ ವಿಂಡೋಸ್‌ನಲ್ಲಿ ನಡೆಯುತ್ತವೆ. ಪೆನ್‌ಡ್ರೈವ್ ನೇರವಾಗಿ ಕೂರುತ್ತದೆ. ಸಭಾಂಗಣದ ಪ್ರೊಜೆಕ್ಟರಿಗೆ ಎಚ್‌ಡಿಎಂಐ ಕಿಂಡಿಯಿದೆ. ಏರ್‌ಗಾದರೆ ಇವೆರಡಕ್ಕೂ ಬೇರೆ ಅಡಾಪ್ಟರ್ ಒಯ್ಯಬೇಕು. ಬ್ಯಾಟರಿ ಸವೆದಿತ್ತು; ಅದನ್ನು ಬದಲಿಸಿಕೊಂಡೆ. ಆದರೂ ಏರ್‌ನಷ್ಟು ಹೊತ್ತು ಬಾರದೆಂಬುದನ್ನು ಒಪ್ಪುತ್ತೇನೆ. ಸದಾ ದೂರದ ಪ್ರಯಾಣದಲ್ಲಿರುವವರಿಗೆ, ಹಳೆಯ ಕಡತಗಳ ಹಂಗಿಲ್ಲದವರಿಗೆ ನಾನು ಏರ್ ಅನ್ನೇ ಸೂಚಿಸುವೆ.

ಈಗ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಪದವನ್ನು ಯೂನಿಕೋಡಿಗೆ ತರುತ್ತಿದ್ದೇನೆ. ಪರಿವರ್ತಕ ಅಲ್ಲಲ್ಲಿ ಒತ್ತಕ್ಷರಗಳಲ್ಲಿ ಎಡವುತ್ತದೆ. ಹೀಗಾಗಿ ಸಾಲು ಸಾಲನ್ನೂ ಗಟ್ಟಿಯಾಗಿ ಓದಿ ತಿದ್ದಬೇಕು. ಓದುವಾಗ ಅವ್ವ ಎಲ್ಲಿ ಉಸಿರು ನಿಲ್ಲಿಸುತ್ತಿದ್ದರು, ಎಲ್ಲಿ ನಗುತ್ತಿದ್ದರು ಎಂಬುದು ನೆನಪಾಗುತ್ತದೆ. ಮುಗಿದೊಡನೆ ಪ್ರತಿಗಳನ್ನು ತಂಗಿಯ ಮನೆಗೂ ಕಳುಹಿಸುವೆ.

ಓದುಗರೇ, ತಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿಯೂ ಹಿರಿಯರ ಮಾತು, ವಂಶಾವಳಿ, ಮದುವೆಯ ಹಾಡು ಇದ್ದೀತು. ಹೊಸ ಯಂತ್ರ ಕೊಳ್ಳುವ ಮೊದಲು ಅದನ್ನೊಮ್ಮೆ ತೆರೆದು ನೋಡಿ. ಹಳೆಯದನ್ನು ಗುಜರಿಗೆ ಹಾಕಿದ ಮೇಲೆ ನೆನಪಾದರೆ, ಕೇಳಿ ಬರೆದುಕೊಳ್ಳಲು ಹೇಳುವವರೇ ಇರಲಿಕ್ಕಿಲ್ಲ.